ಹನ್ನೆರಡು ಗೂಟಗಳ ಹಲಗೆ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಹಡಗಿನ ಬಡಗಿಯಾಗಿದ್ದಾಗ ಉಳಿ ಜಾರಿ ಆದ ಗಾಯವಂತೆ. ಉಗುರು ಮತ್ತೆ ಕೂಡಿಕೊಳ್ಳಲೇ ಇಲ್ಲ. ಆ ಸೀಳುಗುರಿನ ಬೆರಳನ್ನು ತೊಡೆಯ ಮೇಲಿನ ಒಂದು ಹಲಗೆಯುದ್ದಕ್ಕೂ ಮೆಲ್ಲಗೆ ಆಡಿಸುತ್ತ, ಕಣ್ಣು ಮುಚ್ಚಿ, ನಾನು ಓದುವುದನ್ನು ಕೇಳುತ್ತ ಕೂರುತ್ತಿದ್ದರು. ತೆರೆದರೂ ಆ ಕಣ್ಣಿಗೆ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಹಲಗೆ ಅವರೇ ಮಾಡಿಕೊಂಡದ್ದು. ಮೊದಲ ಸಲ ನೋಡಿದಾಗ ನಮ್ಮ ಅಳಗುಳಿ ಮಣೆ ಈ ನಾರ್ವೆಯವರ ಮನೆಗೆ ಹೇಗೆ ಬಂತಪ್ಪಾ ಎಂದುಕೊಂಡಿದ್ದೆ. ಒಂದರ ಕೆಳಗೊಂದು ಹನ್ನೆರಡು ತೂತು, ತೂತಿಗೊಂದು ಬೆರಳುದ್ದದ ಗೂಟ. ಅವರ ದೇಶದ ಫುಟ್‌ಬಾಲಿನ ಮೊದಲ ದರ್ಜೆಯ ಲೀಗಿನಲ್ಲಿ ಆಗ ಹನ್ನೆರಡು ತಂಡಗಳಿದ್ದವು. ಗೂಟದ ತಲೆಯನ್ನು ತಂಡಕ್ಕೊಂದು ತೆರದಲ್ಲಿ ಕೆತ್ತಿದ್ದರು: ಒಂದು ಗುಂಡಗೆ, ಒಂದು ಚೌಕ, ಒಂದಕ್ಕೆ ಮೀನಿನ ಬಾಲ. ಅಂಕ ಹೆಚ್ಚಿದ ತಂಡದ ಗೂಟ ಮೇಲಿನ ತೂತಿಗೆ, ಕಡಿಮೆಯಾದದ್ದು ಕೆಳಗಿನ ತೂತಿಗೆ. ಹತ್ತನೇ ತೂತಿನ ಕೆಳಗೆ ಅಡ್ಡಲಾಗಿ ಒಂದು ಗೀರು. ವರ್ಷದ ಕೊನೆಗೆ ಆ ಗೀರಿನ ಕೆಳಗೆ ಉಳಿದ ಎರಡು ತಂಡ ಎರಡನೇ ದರ್ಜೆಗೆ ಇಳಿಯಬೇಕು. ಅವರ ಊರಿನ ತಂಡದ ಗೂಟ ಮಾತ್ರ ಕಪ್ಪು ಮರದ್ದು. ಅದು ಅವರ ಅಪ್ಪನ ದೋಣಿಯ ಚುಕ್ಕಾಣಿಯ ಹಿಡಿಯಿಂದ ಕೊಯ್ದ ತುಂಡು.

ನಾನು ಮದುವೆಯಾಗಿ ಮೈಸೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಮೆನ್ಲೋ ಪಾರ್ಕಿಗೆ ಬಂದಾಗ ಎಂಬತ್ತರ ದಶಕ ಅರ್ಧ ದಾಟಿತ್ತು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಯಜಮಾನರು ಬೆಳಿಗ್ಗೆ ಏಳಕ್ಕೆ ಕಾರು ಹತ್ತಿ ಮಿಲ್ಪಿಟಾಸಿನ ಕಂಪನಿಗೆ ಹೊರಟರೆ ಮತ್ತೆ ಮುಖ ಕಾಣುತ್ತಿದ್ದದ್ದು ಸಂಜೆ ಏಳಕ್ಕೆ. ಮೇಲಿನ ಅಪಾರ್ಟ್‌ಮೆಂಟು ನಮ್ಮದು, ಕೆಳಗಿನದು ಅವರದು. ಒಂದು ದಿನ ಅವರು ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿದರು. ಒಗ್ಗರಣೆ ವಾಸನೆಗೆ ಜಗಳ ತೆಗೆಯಲು ಬಂದರೇನೋ ಎಂದುಕೊಂಡೆ.

"ಹಡಗು ಮೂರು ಸಲ ಕೂಗಿದ್ರೆ ಹಿಂದಕ್ಕೆ ಹೋಗ್ತಾ ಇದೆ ಅಂತ ಅರ್ಥ," ಎಂದರು. "ನಿಮ್ಮನೆ ದಿನಾ ಹನ್ನೊಂದು ಗಂಟೆಗೆ ಹಿಂದಕ್ಕೆ ಹೋಗುತ್ತೆ. ಎಲ್ಲಾ ಸರಿ ಇದೆ ತಾನೆ?"

ಕುಕ್ಕರ್ ತೋರಿಸಿದೆ. ಮುಟ್ಟಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಕುಕ್ಕರ್ ಮೂರು ಸಲ ಕೂಗಿದರೆ ಕೆಳಗಿನಿಂದ ಕೋಲಿನಲ್ಲಿ ಛಾವಣಿ ಕುಟ್ಟಿ ಉತ್ತರ ಕೊಡುತ್ತಿದ್ದರು. ಅವರ ಇಂಗ್ಲಿಷು ಉಪ್ಪುನೀರಲ್ಲಿ ನೆನೆಸಿದ ಹಗ್ಗದ ಹಾಗೆ ಬಿರುಸು. ಆದರೆ ಈಗ ನೆನಪಿಸಿಕೊಂಡರೆ ಅವರು ಆಡಿದ್ದೆಲ್ಲ ನನಗೆ ಕನ್ನಡದಲ್ಲೇ ಕೇಳಿಸುತ್ತದೆ. ನನ್ನ ಹೆಸರು ಅವರ ಬಾಯಿಗೆ ಹೊರಳಲಿಲ್ಲ. "ಅಪ್‌ಸ್ಟೇರ್ಸ್" ಎಂದೇ ಕರೆದರು. ನಾನು ಅವರನ್ನು ಅಜ್ಜ ಎಂದೆ. ಹಾಗೆಂದರೇನು ಅಂತ ಕೇಳಿ ತಿಳಿದುಕೊಂಡು, ಮಕ್ಕಳಿಲ್ಲದೇ ಅಜ್ಜನಾದವನು ನಾನೊಬ್ಬನೇ ಇರಬೇಕು ಎಂದು ಬಡಾಯಿ ಕೊಚ್ಚಿಕೊಂಡರು.

ಅವರ ಊರಿನ ಪತ್ರಿಕೆ ಎರಡು ವಾರ ತಡವಾಗಿ ಅಂಚೆಯಲ್ಲಿ ಬರುತ್ತಿತ್ತು. ಅದನ್ನು ಓದಿ ಹೇಳಲು ಯಾರೂ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರ ದೇಶದವರ ಚರ್ಚೊಂದಿತ್ತಂತೆ. ಕಣ್ಣು ಮಂಜಾದ ಮೇಲೆ ಅಲ್ಲಿಗೆ ಹೋಗುವುದನ್ನೂ ಬಿಟ್ಟಿದ್ದರು. ನಾನು ಓದುತ್ತೇನೆ ಅಂದೆ. ಒಂದಕ್ಷರ ಅರ್ಥವಾಗದ ಭಾಷೆ! ತಂಡಗಳ ಹೆಸರು ಅವರು ಉಚ್ಚರಿಸಿದ ಹಾಗೆಯೇ ಪೆನ್ಸಿಲಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವರ ಅಡುಗೆಮನೆ ಮೇಜಿನ ಮುಂದೆ ನಮ್ಮ ಪಾರಾಯಣ. ಕಪ್ಪು ಕಾಫಿ ಅವರದು, ಕೋಡುಬಳೆ ನನ್ನದು. ಪಂದ್ಯದ ವರದಿಯನ್ನೂ ತೊದಲಿಕೊಂಡಾದರೂ ಓದಲೇ ಅಂದರೆ ತಲೆ ಅಲ್ಲಾಡಿಸುತ್ತಿದ್ದರು.

"ಅಂಕಿ ಸಾಕು, ಅಪ್‌ಸ್ಟೇರ್ಸ್. ಕಥೆ ನಾನು ಕಟ್ಕೋತೀನಿ."

ಹಾಗೇ ಕಟ್ಟಿಕೊಳ್ಳುತ್ತಿದ್ದರು. ಎರಡು–ಒಂದು ಅಂದರೆ ಸಾಕು, ಮಳೆ ಬಂದಿತ್ತು, ಮೈದಾನ ಕೆಸರಾಗಿತ್ತು, ಕಡೇ ಗೋಲು ಬಂದರಿನ ಕಡೆಯ ಕಂಬಕ್ಕೆ ಬಡಿದೇ ಒಳಗೆ ಹೋಗಿರಬೇಕು ಎಂದು ಕಣ್ಣಿಗೆ ಕಟ್ಟಿದ ಹಾಗೆ ಹೇಳುವರು. ಅವರ ತಂಡ ಲೀಗ್ ಗೆದ್ದದ್ದು ಅವರು ಹುಟ್ಟಿದಾರಭ್ಯ ಇಲ್ಲ. ಗೀರಿನ ಮೇಲಿದ್ದರೆ ಅದೇ ದೊಡ್ಡದು.

ಎಂಬತ್ತೇಳರಲ್ಲಿ ಆ ಲೀಗಿನವರು ಒಂದು ಹೊಸ ಕಾನೂನು ತಂದರು. ಪಂದ್ಯ ಸಮನಾದರೆ ಪೆನಾಲ್ಟಿ ಒದೆತ. ಅದರಲ್ಲಿ ಗೆದ್ದವರಿಗೆ ಎರಡು ಅಂಕ, ಸೋತವರಿಗೆ ಒಂದು. ಅಜ್ಜನಿಗೆ ಮೈಯೆಲ್ಲಾ ಉರಿದುಹೋಯಿತು. "ಸಮ ಅಂದ್ರೆ ಸಮ. ಇಬ್ರೂ ತಲೆ ಎತ್ಕೊಂಡು ಮನೆಗೆ ಹೋಗ್ಬೇಕು. ಅದನ್ನ ಹೋಗಿ ಕೆದಕ್ತಾರಲ್ಲ, ಬುದ್ಧಿಯಿಲ್ಲದೋರು!"

ಆ ಶರತ್ಕಾಲದಲ್ಲಿ ಅವರಿಗೆ ಹೃದಯಾಘಾತವಾಗಿ ಹತ್ತು ದಿನ ಆಸ್ಪತ್ರೆಯಲ್ಲಿದ್ದು ಬಂದರು. ಬಂದ ಶನಿವಾರವೇ ಋತುವಿನ ಕೊನೆಯ ಪಂದ್ಯದ ಪತ್ರಿಕೆ ಬಂತು. ಅವರ ತಂಡ ಗೀರಿನ ಮೇಲೆ ಉಳಿಯಬೇಕಾದರೆ ಅವತ್ತು ಗೆಲ್ಲಲೇಬೇಕಿತ್ತು. ಪಂದ್ಯ ಒಂದು–ಒಂದು ಸಮ. ಪೆನಾಲ್ಟಿಯಲ್ಲಿ ನಾಲ್ಕು–ಐದು. ಸೋತಿದ್ದರು. ಒಂದೇ ಒಂದು ಅಂಕ ಸಾಲದೆ ತಂಡ ಗೀರಿನ ಕೆಳಗೆ ಬಿದ್ದಿತ್ತು.

ಅವರ ಮುಖ ನೋಡಿದೆ. ಸೊರಗಿ ಸುಣ್ಣವಾಗಿತ್ತು. ಹೆಬ್ಬೆರಳು ಕಪ್ಪು ಗೂಟದ ಮೇಲೆ ಕಾಯುತ್ತಿತ್ತು.

"ಐದು–ನಾಲ್ಕು," ಎಂದು ಓದಿಬಿಟ್ಟೆ.

ನಮ್ಮ ಮನೆಯಲ್ಲಿ ಇದಕ್ಕೆ ಸುಳ್ಳು ಎನ್ನುತ್ತಿರಲಿಲ್ಲ. ನನ್ನ ಅಜ್ಜಿ ಹಾಸಿಗೆ ಹಿಡಿದಾಗ ಬೊಂಬಾಯಿಯಲ್ಲಿದ್ದ ದೊಡ್ಡಪ್ಪ ತೀರಿಕೊಂಡರು. ಅಜ್ಜಿಗೆ ಯಾರೂ ಹೇಳಲಿಲ್ಲ. ತಿಂಗಳಿಗೊಂದು ಕಾಗದ ದೊಡ್ಡಪ್ಪನ ಹೆಸರಿನಲ್ಲಿ ಮನೆಯಲ್ಲೇ ತಯಾರಾಗುತ್ತಿತ್ತು, ಅದನ್ನು ಅಜ್ಜಿಗೆ ಓದಿ ಹೇಳುತ್ತಿದ್ದವಳು ನಾನು. ಎಷ್ಟು ಚೆನ್ನಾಗಿ ಓದ್ತಾಳಮ್ಮಾ ಎಂದು ಎಲ್ಲರೂ ಬೆನ್ನು ತಟ್ಟಿದವರೇ. ಅಜ್ಜಿ ಸಾಯುವಾಗ "ಬರೀ ಕಾಗದ ಹಾಕ್ತಾನಲ್ಲೇ, ಒಂದ್ಸಲ ಬಂದು ಹೋಗಬಾರದಾ" ಎಂದು ಮಗನನ್ನು ಬೈದುಕೊಂಡೇ ಸತ್ತಳು. ಆ ಭಾಗವನ್ನು ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ.

ಕಪ್ಪು ಗೂಟ ಗೀರಿನ ಮೇಲಿನ ತೂತಿಗೆ ಏರಿತು. ಅಜ್ಜ ಮೇಜು ಗುದ್ದಿದರು. "ದರಿದ್ರ ಕಾನೂನು! ಕೊನೆಗೂ ನಮ್ಮ ಉಪಯೋಗಕ್ಕೆ ಬಂತು ನೋಡು!" ನಾನೂ ನಕ್ಕೆ. ಸಂಜೆ ಯಜಮಾನರಿಗೆ ಹೇಳಿದಾಗ ಅವರೂ, "ಒಳ್ಳೇ ಕೆಲಸ ಮಾಡ್ದೆ ಬಿಡು. ಹಾರ್ಟ್ ಪೇಷೆಂಟು. ಸ್ವಲ್ಪ ಸುಧಾರಿಸ್ಕೊಂಡ್ಮೇಲೆ ಹೇಳಿದ್ರಾಯ್ತು," ಎಂದರು.

ಆ ದೇಶದಲ್ಲಿ ಹಿಮ ಬಿದ್ದರೆ ಫುಟ್‌ಬಾಲು ಮಲಗಿಬಿಡುತ್ತದೆ. ಚಳಿಗಾಲವಿಡೀ ಪತ್ರಿಕೆಯಲ್ಲಿ ಓದಲು ಏನೂ ಇರಲಿಲ್ಲ. ಅಜ್ಜ ಸುಧಾರಿಸಿಕೊಂಡರು, ನಡೆದಾಡಿದರು, ನಮ್ಮ ಮನೆಯ ಸಿಕ್ಕಿಕೊಳ್ಳುವ ಡ್ರಾಯರನ್ನು ಕೈಯಲ್ಲೇ ತಡವಿ ರಿಪೇರಿ ಮಾಡಿಕೊಟ್ಟರು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವುದರಲ್ಲೇ ಏಪ್ರಿಲ್ ಕಳೆದು ಹೊಸ ಲೀಗಿನ ಮೊದಲ ಪತ್ರಿಕೆ ಬಂದೇಬಿಟ್ಟಿತು. ಆ ಪೆನಾಲ್ಟಿ ಕಾನೂನನ್ನು ಒಂದೇ ವರ್ಷಕ್ಕೆ ಕಿತ್ತುಹಾಕಿದ್ದರು. ಮೊದಲ ದರ್ಜೆಯ ಪಟ್ಟಿಯಲ್ಲಿ ಅಜ್ಜನ ತಂಡದ ಹೆಸರಿಲ್ಲ; ಕೆಳಗೆ ಸಣ್ಣ ಅಕ್ಷರದಲ್ಲಿ, ಎರಡನೇ ದರ್ಜೆಯ ಪಟ್ಟಿಯಲ್ಲಿದೆ. ಪಂದ್ಯ ಮೂರು–ಸೊನ್ನೆಯಿಂದ ಗೆದ್ದಿದ್ದರು.

ನಾನು "ಮೂರು–ಸೊನ್ನೆ" ಎಂದು ಓದಿದೆ. ಎದುರು ತಂಡದ ಹೆಸರು ಮಾತ್ರ ಮೊದಲ ದರ್ಜೆಯದ್ದೊಂದು ಹೇಳಿದೆ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಕಾರ್ಖಾನೆ! ಅಜ್ಜನ ತಂಡ ಎರಡನೇ ದರ್ಜೆಯಲ್ಲಿ ಯಾರನ್ನು ಎಷ್ಟು ಗೋಲಿನಿಂದ ಸೋಲಿಸಿತೋ ಅದೇ ಅಂಕಿಯನ್ನು ಮೊದಲ ದರ್ಜೆಯ ತಂಡವೊಂದಕ್ಕೆ ಅಂಟಿಸುವುದು. ಆ ತಂಡದ ಅಂಕ ಕಳೆಯುವುದು, ಇನ್ನೊಂದರದ್ದು ಕೂಡುವುದು. ಹಲಗೆಯಲ್ಲಿ ಇದ್ದದ್ದು ಹನ್ನೆರಡೇ ತೂತು, ಹಾಗಾಗಿ ಅಜ್ಜನ ತಂಡಕ್ಕೆ ಜಾಗ ಮಾಡಲು ನಿಜವಾಗಿ ಉಳಿದಿದ್ದ ಒಂದು ತಂಡವನ್ನು ಪಟ್ಟಿಯಿಂದಲೇ ಬಿಟ್ಟುಬಿಡುವುದು. ಶುಕ್ರವಾರ ಮಧ್ಯಾಹ್ನ ನೋಟ್‌ಬುಕ್ ಹಿಡಿದು ಕೂತರೆ ಸಾರು ಉಕ್ಕಿದರೂ ಪರಿವೆಯಿಲ್ಲ. "ಅಲ್ವೇ, ನಾರ್ವೆ ಲೀಗನ್ನ ಮೆನ್ಲೋ ಪಾರ್ಕಿಂದ ನಡೆಸ್ತಿದೀಯಲ್ಲೇ!" ಎಂದು ಯಜಮಾನರು ರೇಗಿಸುತ್ತಿದ್ದರು. ನಾಚಿಕೆಯ ಮಾತು, ಆದರೂ ಹೇಳಿಬಿಡುತ್ತೇನೆ: ನನಗೆ ಅದರಲ್ಲಿ ಖುಷಿಯಿತ್ತು. ಹಗಲೆಲ್ಲ ಒಬ್ಬಳೇ ಕೂತವಳಿಗೆ ಕೈತುಂಬಾ ಕೆಲಸ ಸಿಕ್ಕಿತ್ತು.

ಆದರೆ ಒಂದು ಎಡವಟ್ಟು ನನಗೆ ಹೊಳೆದಿರಲಿಲ್ಲ. ಎರಡನೇ ದರ್ಜೆಯಲ್ಲಿ ಅವರ ತಂಡ ಪ್ರಚಂಡವಾಗಿ ಆಡುತ್ತಿತ್ತು, ವಾರ ವಾರ ಗೆಲ್ಲುತ್ತಿತ್ತು. ಹಲಗೆಯ ಮೇಲೆ ಕಪ್ಪು ಗೂಟ ಏರುತ್ತ ಹೋಯಿತು. ಜೂನಿಗೆ ಐದನೇ ತೂತು, ಆಗಸ್ಟಿಗೆ ಎರಡನೆಯದು. ಅಜ್ಜ ಹೊಸ ಶರ್ಟು ಹಾಕಿಕೊಳ್ಳತೊಡಗಿದರು. ಹೆದರಿಕೆಯಾಗಿ ಒಂದು ವಾರ ನಾನೇ ಅವರ ತಂಡವನ್ನು ಎರಡು ಗೋಲಿನಿಂದ ಸೋಲಿಸಿದೆ. ಅಜ್ಜ ಕೋಡುಬಳೆ ಕಟುಮ್ಮನೆ ಕಡಿದು, "ನಡುವೆ ಒಂದು ಸೋಲು ಇರ್ಬೇಕು. ಉಪ್ಪಿದ್ದ ಹಾಗೆ," ಎಂದರು. ಅಷ್ಟೇ. ಸೋಲು ಕೇಳಿ ಅವರ ಎದೆ ಒಡೆಯಲಿಲ್ಲ. ಅದನ್ನು ಕಣ್ಣಾರೆ ಕಂಡೂ ನನಗೆ ಬುದ್ಧಿ ಬರಲಿಲ್ಲ.

ಅದೇ ದಿನಗಳಲ್ಲಿ ಅವರು ತಮ್ಮ ಅಣ್ಣನ ವಿಷಯ ಹೇಳಿದ್ದು. ಮೂವತ್ತು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ. ಇವರು ಹಡಗಿನಲ್ಲಿದ್ದಾಗ ಅಣ್ಣ ಅಪ್ಪನ ದೋಣಿ ಮಾರಿಬಿಟ್ಟಿದ್ದ.

"ಮಾರಿದ್ದಕ್ಕೆ ನಂಗೆ ಸಿಟ್ಟು ಬರ್ಲಿಲ್ಲ," ಎಂದರು. "ಎರಡು ವರ್ಷ ನಂಗೆ ಹೇಳ್ಲೇ ಇಲ್ಲ. ಬೇಜಾರಾಗುತ್ತೆ ಅಂತ. ಕಾಗದದಲ್ಲಿ ದೋಣಿ ಚೆನ್ನಾಗಿದೆ, ಬಣ್ಣ ಹೊಡೆಸಿದೀನಿ ಅಂತ ಬರೀತಿದ್ದ. ನಾನು ದಡ್ಡನ ಹಾಗೆ ಜೊತೆಯವರಿಗೆಲ್ಲ ಹೇಳ್ಕೊಂಡು ತಿರುಗಿದೆ."

ಜಗಳ ಅತಿರೇಕಕ್ಕೆ ಹೋದಾಗ ಅಣ್ಣ, "ನಮ್ಮ ತಂಡ ಲೀಗ್ ಗೆದ್ದ ವರ್ಷ ಬಾ, ಆಗ ಬಾಗಿಲು ತೆಗೀತೀನಿ," ಎಂದಿದ್ದನಂತೆ. ಅಂದರೆ ಈ ಜನ್ಮದಲ್ಲಿ ಬರಬೇಡ ಅಂತ.

ಅವತ್ತು ನನ್ನ ಬಾಯಿಗೆ ಬಂದಿತ್ತು. ದೇವರಾಣೆ, ನಾಲಗೆ ತುದಿಯವರೆಗೂ ಬಂದಿತ್ತು. ಅವರ ಸೀಳುಗುರು ಎರಡನೇ ತೂತಿನ ಕಪ್ಪು ಗೂಟವನ್ನು ಸವರುತ್ತಿತ್ತು. ಹೇಳಿದರೆ ನನ್ನನ್ನೂ ಅಣ್ಣನ ಹಾಗೆ ಹೊರಗೆ ಹಾಕುತ್ತಾರೆ ಎನಿಸಿತು. ಅಲ್ಲಿಗೆ ಅವರ ಆರೋಗ್ಯದ ನೆಪ ಮುಗಿದಿತ್ತು. ನಾನು ಮುಚ್ಚಿಟ್ಟದ್ದು ನನ್ನ ಸಲುವಾಗಿ.

ಸೆಪ್ಟೆಂಬರಿನಲ್ಲಿ ಕಪ್ಪು ಗೂಟ ಮೊದಲನೇ ತೂತಿಗೆ ಬಂತು. ಮುಂದಿನ ಶನಿವಾರ ನಾನು ಹೋದಾಗ ಅಜ್ಜ ಗಡ್ಡ ನೀಟಾಗಿ ಕತ್ತರಿಸಿಕೊಂಡು, ಟೈ ಕಟ್ಟಿ ಕೂತಿದ್ದರು. ಮುಂದೆ ಫೋನು, ಹಳೆಯ ಅಡ್ರೆಸ್ಸು ಪುಸ್ತಕ.

"ಅಪ್‌ಸ್ಟೇರ್ಸ್, ಈ ನಂಬರ್ ಒತ್ತಿಕೊಡು. ನಂಗೆ ಕಾಣಲ್ಲ."

ಯಾರ ನಂಬರು ಅಂತ ನಾನು ಕೇಳಬೇಕಾಗಿರಲಿಲ್ಲ. "ಅಜ್ಜ, ಇನ್ನೂ ಪಂದ್ಯಗಳು ಬಾಕಿ ಇವೆ, ಎಲ್ಲಾ ಮುಗೀಲಿ..." ಎಂದೆ.

"ಇನ್ನು ಮೂರೇ ಪಂದ್ಯ. ಅಣ್ಣನಿಗೆ ಎಂಬತ್ತು. ಕಾಯೋಕೆ ಯಾರಿಗೆ ಪುರುಸೊತ್ತಿದೆ? ಒತ್ತಮ್ಮಾ."

ನಾನು ಒತ್ತಿದೆ. ನನ್ನ ಕೈಯಾರೆ, ಒಂದೊಂದೇ ಅಂಕಿ. ಒಂದು ಅಂಕಿ ತಪ್ಪು ಒತ್ತಿದ್ದರೂ ಸಾಕಿತ್ತು; ಅಂಕಿ ತಪ್ಪಿಸುವುದರಲ್ಲಿ ಆ ಹೊತ್ತಿಗೆ ಪಳಗಿದವಳೇ ಅಲ್ಲವೇ ನಾನು? ಅವತ್ತು ಮಾತ್ರ ಎಲ್ಲಾ ಸರಿಯಾಗಿ ಒತ್ತಿದೆ.

ಆ ಕಡೆ ಯಾರೋ ಎತ್ತಿದರು. ಅಜ್ಜ ತಮ್ಮ ಭಾಷೆಯಲ್ಲಿ ಮಾತಾಡಿದರು, ನಕ್ಕರು, ತಂಡದ ಹೆಸರು ಹೇಳಿದರು. ಆ ಹೆಸರು ನನಗೂ ಅರ್ಥವಾಯಿತು. ಮತ್ತೆ ನಕ್ಕರು. ಆಮೇಲೆ ಸುಮ್ಮನೆ ಕೇಳಿಸಿಕೊಂಡರು. ಸ್ವಲ್ಪ ಹೊತ್ತಿಗೆ ಫೋನಿನಿಂದ ಬರೀ ಗುಂಯ್ ಎನ್ನುವ ಸದ್ದು ಬಂತು. ಅವರು ಅದನ್ನು ಕೆಳಗಿಡದೆ ಹಿಡಿದೇ ಕೂತರು.

"ವಯಸ್ಸಾದವನನ್ನ ಹೀಗೆ ಗೇಲಿ ಮಾಡಬಾರ್ದು ಅಂದ. ಹೋದ ವರ್ಷವೇ ಕೆಳಗಿಳಿದ ತಂಡಾನ ಹಿಡ್ಕೊಂಡು ಮೂವತ್ತು ವರ್ಷ ಆದ್ಮೇಲೂ ನನ್ನ ಅಣಕಿಸೋಕೆ ಫೋನ್ ಮಾಡಿದ್ಯಾ ಅಂದ."

ಅಜ್ಜ ಮೇಜು ತಡವಿ ಫೋನು ಕೆಳಗಿಟ್ಟರು.

"ಪೇಪರ್ ತಗೋ, ಅಪ್‌ಸ್ಟೇರ್ಸ್. ಹೇಗಿದೆಯೋ ಹಾಗೆ ಓದು."

ಓದಿದೆ. ಮೊದಲ ದರ್ಜೆಯ ಹನ್ನೆರಡು ಹೆಸರುಗಳನ್ನೂ, ಮೇಲಿಂದ ಕೆಳಕ್ಕೆ. ಅವರ ಬೆರಳು ಒಂದೊಂದೇ ಗೂಟ ಮುಟ್ಟುತ್ತ ಬಂತು. ಹನ್ನೆರಡನೆಯದೂ ಮುಗಿಯಿತು. "ಈಗ ಎರಡನೇ ದರ್ಜೆ," ಎಂದರು. ಅದನ್ನೂ ಓದಿದೆ, ಮೊದಲ ಹೆಸರೇ ಅವರ ತಂಡದ್ದು. ಓದುತ್ತ ಓದುತ್ತ ಅತ್ತುಬಿಟ್ಟೆ. ಅಜ್ಜ ಕಪ್ಪು ಗೂಟವನ್ನು ಕಿತ್ತು ಶರ್ಟಿನ ಜೇಬಿಗೆ ಹಾಕಿಕೊಂಡರು.

"ಸೋತಿದ್ದು ಹೇಳಿದ್ರೆ ಆ ರಾತ್ರಿ ಊಟ ಬಿಡ್ತಿದ್ದೆ," ಎಂದರು. "ಅಷ್ಟೇನಮ್ಮ. ಒಂದು ಊಟ."

ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನೇ, "ನಿಮ್ಮಣ್ಣನಿಗೆ ಕಾಗದ ಬರೀತೀನಿ ಅಜ್ಜ, ತಪ್ಪು ನಂದು ಅಂತ ಬರೀತೀನಿ," ಎಂದೆ. "ಬರಿ," ಎಂದರು. ಮಾರನೇ ದಿನದಿಂದಲೂ ಮೆಟ್ಟಿಲ ಹತ್ತಿರ ಸಿಕ್ಕಾಗ "ಗುಡ್ ಮಾರ್ನಿಂಗ್, ಅಪ್‌ಸ್ಟೇರ್ಸ್" ಎಂದು ಮೊದಲಿನ ಹಾಗೇ ಹೇಳುತ್ತಿದ್ದರು. ಓದಲು ಮಾತ್ರ ಕರೆಯಲಿಲ್ಲ. ಪತ್ರಿಕೆಗಳು ಬಿಚ್ಚದೆ ಅವರ ಬಾಗಿಲ ಪಕ್ಕ ಒಟ್ಟಾದವು.

ಕಾಗದ ಬರೆಯಲು ಕೂತೆ. ಏಳು ಸಲ ಬರೆದೆ, ಏಳು ಸಲವೂ ಅದರಲ್ಲಿ ನಾನು ಒಳ್ಳೆಯವಳಾಗಿಯೇ ಕಾಣುತ್ತಿದ್ದೆ. ನಮ್ಮ ದೇಶದ ಪದ್ಧತಿ ಹೀಗೆ, ಹಿರಿಯರ ಮೇಲಿನ ಪ್ರೀತಿ ಹೀಗೆ, ಡಾಕ್ಟರು ಹೇಳಿದ್ದು ಹೀಗೆ. ಎಂಟನೆಯದರಲ್ಲಿ ನಾಲ್ಕು ಸಾಲು ಉಳಿಯಿತು: ನಿಮ್ಮ ತಮ್ಮ ನಿಮ್ಮನ್ನು ಅಣಕಿಸಲಿಲ್ಲ, ಅವರಿಗೆ ಕಣ್ಣು ಕಾಣುವುದಿಲ್ಲ, ಪತ್ರಿಕೆ ಓದಿ ಹೇಳುತ್ತಿದ್ದವಳು ನಾನು, ನಾನು ಒಂದು ವರ್ಷ ಸುಳ್ಳು ಓದಿದೆ. ಅದನ್ನು ಕವರಿಗೆ ಹಾಕಿ, ಅಂಚೆಚೀಟಿ ಹಚ್ಚಿ, ಮೂರು ವಾರ ನನ್ನ ಕೈಚೀಲದಲ್ಲಿ ಇಟ್ಟುಕೊಂಡು ತಿರುಗಿದೆ. ಗ್ರೋಸರಿಗೆ ಹೋದಾಗ ಅಂಚೆಡಬ್ಬಿಯ ಮುಂದೆಯೇ ಹಾದುಹೋಗುತ್ತಿದ್ದೆ. ಗುರುತು ಪರಿಚಯವಿಲ್ಲದ ಮುದುಕನೊಬ್ಬ ಏಳು ಸಮುದ್ರದಾಚೆ ನನ್ನನ್ನು ಸುಳ್ಳಿ ಎಂದುಕೊಳ್ಳುತ್ತಾನಲ್ಲ ಅಂತ ನನಗೆ ಸಂಕಟ! "ಇನ್ನೂ ಹಾಕ್ಲಿಲ್ವೇನೇ?" ಎಂದು ಯಜಮಾನರು ಗದರಿದ ಮೇಲೆ ಅಕ್ಟೋಬರಿನ ಕೊನೆಗೆ ಹಾಕಿದೆ.

ನವೆಂಬರಿನ ಮೊದಲ ವಾರ ಅಜ್ಜ ಹೋದರು. ಬೆಳಗಿನ ಕಾಫಿ ಅರ್ಧ ಕುಡಿದು, ಕುರ್ಚಿಯಲ್ಲಿ ಕೂತ ಹಾಗೇ. ಕುಕ್ಕರ್ ಮೂರು ಸಲ ಕೂಗಿದರೂ ಕೆಳಗಿನಿಂದ ಕೋಲಿನಿಂದ ಛಾವಣಿ ಕುಟ್ಟುವ ಅವರ ಉತ್ತರ ಬಾರದ್ದಕ್ಕೆ ನಾನು ಇಳಿದು ಹೋಗಿ ನೋಡಿದೆ. ಕಪ್ಪು ಗೂಟ ಶರ್ಟಿನ ಜೇಬಿನಲ್ಲಿಯೇ ಇತ್ತು. ಅವರ ಜೊತೆಗೇ ಇರಲೆಂದು ತೆಗೆಯದೆ ಬಿಟ್ಟೆ.

ಹತ್ತು ದಿನದ ಮೇಲೆ ನನ್ನ ಹೆಸರಿಗೆ ನಾರ್ವೆಯಿಂದ ಅಜ್ಜನ ಅಣ್ಣನ ಕಾಗದ ಬಂತು. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಬರೆದ ಇಂಗ್ಲಿಷು, ನಡುಗುವ ಅಕ್ಷರ. ನಿಜ ಬರೆದದ್ದಕ್ಕೆ ಉಪಕಾರವಾಯಿತು. ನಾನೂ ಒಂದು ಕಾಲದಲ್ಲಿ ಅವನಿಗೆ ಇಂಥದ್ದೇ ಮಾಡಿದ್ದೆ, ಆದ್ದರಿಂದ ನಿಮ್ಮನ್ನು ಬೈಯುವ ಬಾಯಿ ನನಗಿಲ್ಲ. ನಮ್ಮ ತಂಡ ಎರಡನೇ ದರ್ಜೆ ಗೆದ್ದಿತು, ಬರುವ ವರ್ಷ ಮತ್ತೆ ಮೊದಲ ದರ್ಜೆಯಲ್ಲಿ ಆಡುತ್ತದೆ. ಹಿಮ ಕರಗಿದ ಮೇಲೆ ಅವನನ್ನು ಕಳಿಸಿಕೊಡಿ, ಮೈದಾನದಲ್ಲಿ ನನ್ನ ಪಕ್ಕ ಕೂತರೆ ಪಂದ್ಯವನ್ನೆಲ್ಲ ನಾನೇ ಹೇಳುತ್ತೇನೆ. ನಮ್ಮಿಬ್ಬರದೂ ಸಮ ಅಂತ ಹೇಳಿ. ಪೆನಾಲ್ಟಿ ಬೇಡ.

ಮೂರು ವಾರ. ಕಾಗದ ಬರೆದ ದಿನವೇ ಡಬ್ಬಿಗೆ ಹಾಕಿದ್ದರೆ ಈ ಉತ್ತರ ಅಜ್ಜನ ಅಡುಗೆಮನೆ ಮೇಜಿನ ಮುಂದೆ ನಾನೇ ಓದಿ ಹೇಳುತ್ತಿದ್ದೆ. ಎಷ್ಟು ವರ್ಷ ಎಷ್ಟು ಸಲ ದಿನ ಎಣಿಸಿದರೂ ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತದೆ.

ಸಂಜೆ ಯಜಮಾನರು ಕಾಗದ ಓದಿ ಮಡಿಸಿ ನನ್ನ ಕೈಗೆ ಕೊಟ್ಟರು. ಆಮೇಲೆ, "ಪಾಪ, ಎಂಬತ್ತು ವರ್ಷದೋರು. ಅಲ್ಲಿ ಚಳಿ ಬೇರೆ. ಈಗಲೇ ಬರೀಬೇಡ ಕಣೆ," ಎಂದರು. "ಹಿಮ ಕರಗೋವರೆಗೂ ಆಸೆ ಇಟ್ಕೊಂಡಿರ್ಲಿ. ಚೆನ್ನಾಗಿದಾರೆ ಅಂತ ಒಂದು ಕಾರ್ಡ್ ಹಾಕು ಸಾಕು."

ನಾನು ಮೇಜಿನ ಮುಂದೆ ಕೂತು ಕಾಗದ ಎಳೆದುಕೊಂಡೆ. ಮೊದಲ ಸಾಲಿನಲ್ಲೇ, ನಿಮ್ಮ ತಮ್ಮ ತೀರಿಕೊಂಡರು, ಎಂದು ಬರೆದೆ. ನಿಮ್ಮ ಕಾಗದ ಬರುವ ಹೊತ್ತಿಗೆ ಅವರಿರಲಿಲ್ಲ, ಅದಕ್ಕೆ ಕಾರಣ ನಾನು ಮಾಡಿದ ತಡ, ಎಂದು ಎರಡನೆಯ ಸಾಲು. ಯಜಮಾನರು ಊಟಕ್ಕೆ ಕೂಗುತ್ತಿದ್ದಂತೆಯೇ ಚಪ್ಪಲಿ ಮೆಟ್ಟಿಕೊಂಡು, ಬೀದಿ ಮೂಲೆಯ ಅಂಚೆಡಬ್ಬಿಗೆ ಹಾಕಿ ಬಂದೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ.